ಚೆಕಪ್ಪಿಗೆ ಮುಂಚಿನ ಎರಡು ದಿನ

ನನ್ನ ಮಗಳಿಗೆ ಮೂರು ಬಸಿರಿನಲ್ಲೂ ಸಕ್ಕರೆ ಬಂತು. ಮೂರು ಸಲವೂ ಅವಳಿಗೆ ಬಡಿಸಿದವಳು ನಾನು. ನಡುವಿನ ಮಗು ಉಳಿಯಲಿಲ್ಲ.

ಅವಳನ್ನು ಮುಳಬಾಗಿಲು ತಾಲ್ಲೂಕು ಬೈರಕೂರಿಗೆ ಕೊಟ್ಟಿದ್ದೇವೆ. ನಾವು ಕ್ಯಾಲನೂರಿನವರು. ಮೊದಲ ಬಸಿರಿನಲ್ಲಿ ಏಳನೇ ತಿಂಗಳಿಗೆ ನಮ್ಮ ಮನೆಗೆ ಬಂದಳು. ಕೋಲಾರದಲ್ಲಿ ಡಾಕ್ಟರಮ್ಮ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ, ರಕ್ತ ತೆಗೆಸಿ, ಸಕ್ಕರೆ ಇದೆ ಎಂದರು. ನಾನು ನಕ್ಕುಬಿಟ್ಟೆ. ಇಪ್ಪತ್ತಾರು ವರ್ಷದ ಹುಡುಗಿ. ಸಕ್ಕರೆ ಎಂದರೆ ಮದುವೆ ಊಟದಲ್ಲಿ ಎಲೆಯ ಮೂಲೆಗೆ ಲಾಡು ತಳ್ಳಿ ಕೂರುವ ಮುದುಕರ ಕಾಯಿಲೆ ಎಂದು ತಿಳಿದಿದ್ದವಳು ನಾನು. ಅಷ್ಟು ಗ್ಲೂಕೋಸ್ ಕುಡಿಸಿದರೆ ಯಾರ ರಕ್ತದಲ್ಲಿ ತಾನೆ ಸಕ್ಕರೆ ಬರಲ್ಲ ಎಂದು ಡಾಕ್ಟರಮ್ಮನಿಗೇ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಹೆರಿಗೆಯಾದ ಮೇಲೆ ಬೀಳುವ ಕಸ ಇದೆಯಲ್ಲ, ಅದು ಒಳಗಿದ್ದಾಗ ಮಾಡುವ ಕೆಲಸ ಇದು, ಅದು ಬಿದ್ದ ಮೇಲೆ ಸಾಮಾನ್ಯವಾಗಿ ಹೋಗುತ್ತೆ, ಆದರೆ ಮುಂದಿನ ಬಸಿರಿಗೆ ಮತ್ತೆ ಬರುವ ಸಂಭವ ಹೆಚ್ಚು, ಹೆರಿಗೆಯಾಗಿ ಆರು ವಾರಕ್ಕೆ ತಪ್ಪದೆ ಪರೀಕ್ಷೆ ಮಾಡಿಸಬೇಕು ಎಂದು ನಿಧಾನವಾಗಿ ಹೇಳಿದರು. ಇಷ್ಟುದ್ದದ ಮಾತಿನಲ್ಲಿ ‘ಹೋಗುತ್ತೆ’ ಎನ್ನುವುದೊಂದೇ ನನ್ನ ಕಿವಿಗೆ ಬಿತ್ತು.

ಅನ್ನ ಬಿಡಿಸಿ ಮುದ್ದೆಗೆ ಹಾಕಿದೆ. ಸಕ್ಕರೆಗೆ ರಾಗಿ ಒಳ್ಳೆಯದು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಎಷ್ಟು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬಸುರಿ ಹೆಂಗಸು, ಎರಡು ಜೀವ ಎಂದು ನಾನು ಮುದ್ದೆಯನ್ನು ದೊಡ್ಡದಾಗಿಯೇ ಕಟ್ಟಿದೆ, ಎರಡು ಹೊತ್ತೂ. ಹೆಣ್ಣು ಮಗು ಹುಟ್ಟಿತು, ನಾಲ್ಕು ಕೆಜಿಗೆ ಚೂರು ಕಡಿಮೆ. ವಾರ್ಡಿನ ಹೆಂಗಸರೆಲ್ಲ ಬಂದು ಕೆನ್ನೆ ಹಿಂಡಿ ಹೋದರು. ನಾನು ಆ ತೂಕವನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ. ಆರು ವಾರದ ಪರೀಕ್ಷೆಗೆ ನಾವು ಹೋಗಲಿಲ್ಲ. ಬಾಣಂತಿಯನ್ನು ಬಸ್ಸು ಹತ್ತಿಸುವುದೇಕೆ, ಸಕ್ಕರೆ ಹೋಯಿತಲ್ಲ ಎಂದುಕೊಂಡೆವು.

ಮೂರು ವರ್ಷದ ಮೇಲೆ ಎರಡನೆಯದು. ಈ ಸಲ ನಾಲ್ಕನೇ ತಿಂಗಳಿಗೇ ಸಕ್ಕರೆ ಸಿಕ್ಕಿತು, ಆಗಲೇ ಅವಳನ್ನು ನಮ್ಮ ಮನೆಗೆ ಕರೆತಂದೆ. ಡಾಕ್ಟರಮ್ಮ ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದರು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಲ, ತಿಂಡಿ ತಿಂದು ಎರಡು ಗಂಟೆಗೆ ಇನ್ನೊಂದು ಸಲ ರಕ್ತ ನೋಡುತ್ತಿದ್ದರು. ಬರಿಹೊಟ್ಟೆಯದು ತೊಂಬತ್ತೈದು ದಾಟಬಾರದು, ತಿಂದ ಮೇಲಿನದು ನೂರಿಪ್ಪತ್ತು ದಾಟಬಾರದು, ದಾಟಿದರೆ ಇನ್ಸುಲಿನ್ ಸೂಜಿ. ನನ್ನ ಮಗಳು ಸೂಜಿ ಎಂದ ಕೂಡಲೇ ಬಿಳುಚಿಕೊಂಡಳು. ಅವಳ ಮಾವನಿಗೆ ಸೂಜಿ ಶುರು ಮಾಡಿದ ವರ್ಷವೇ ಕಾಲು ತೆಗೆದಿದ್ದರು. ಕಾಲು ಕೊಳೆತು ಆಸ್ಪತ್ರೆಗೆ ಹೋಗಿದ್ದರಿಂದ ಸೂಜಿ ಶುರುವಾಯಿತೋ, ಸೂಜಿಯಿಂದ ಕಾಲು ಹೋಯಿತೋ ಎಂದು ಆ ಮನೆಯಲ್ಲಿ ಯಾರೂ ವಿಚಾರ ಮಾಡಿರಲಿಲ್ಲ. ಸೂಜಿಯಿಂದ ಎಂದೇ ತೀರ್ಮಾನ. ನನ್ನ ಬೀಗಿತ್ತಿ ದಿನಕ್ಕೆರಡು ಸಲ ಫೋನ್ ಮಾಡಿ, ಏನಾದರೂ ಆಗಲಿ ಸೂಜಿಗೆ ಮಾತ್ರ ಬೀಳಿಸಬೇಡ ಅಕ್ಕಾ ಎನ್ನುತ್ತಿದ್ದಳು.

ಬೀಳಿಸಲಿಲ್ಲ. ಅದಕ್ಕೆ ನನ್ನ ಹತ್ತಿರ ದಾರಿ ಇತ್ತು.

ನಾನು ಮೂವತ್ತು ವರ್ಷ ಡೈರಿಗೆ ಹಾಲು ಹಾಕಿದವಳು. ಹಸು ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಗೆ ಹಿಂಡುವುದು ಗಟ್ಟಿ. ಮೊದಲಿನದನ್ನು ಮನೆಯ ಕಾಫಿಗೆ ಎತ್ತಿಟ್ಟು, ಕೊನೆಯದನ್ನು ಕ್ಯಾನಿಗೆ ಸುರಿದುಕೊಂಡು ಹೋದರೆ ಡೈರಿಯ ಮಿಷನ್ನಿನಲ್ಲಿ ಫ್ಯಾಟ್ ಚೆನ್ನಾಗಿ ತೋರಿಸುತ್ತದೆ. ಹನಿ ನೀರು ಬೆರೆಸಿರುವುದಿಲ್ಲ, ಹಸುವೂ ಅದೇ ಹಸು. ಇದು ಕಳ್ಳತನ ಎಂದು ನಮ್ಮ ಬೀದಿಯ ಯಾವ ಹೆಂಗಸಿಗೂ ಅನ್ನಿಸಿದ್ದಿಲ್ಲ. ಮಿಷನ್ನಿನ ಮುಂದೆ ಒಳ್ಳೆಯದನ್ನು ಇಡುವುದು ಜಾಣತನ, ಅಷ್ಟೆ. ಮಗಳ ರಕ್ತವನ್ನೂ ಹಾಗೇ ಇಟ್ಟೆ.

ಚೆಕಪ್ಪಿಗೆ ಎರಡು ದಿನ ಇದೆ ಎನ್ನುವಾಗ ಮುದ್ದೆ, ಅನ್ನ ಎರಡೂ ಬಂದ್. ಹುರುಳಿಕಟ್ಟು, ಬೇಯಿಸಿದ ಸೊಪ್ಪು, ಒಂದು ಮೊಟ್ಟೆ, ನೀರು ಮಜ್ಜಿಗೆ. ಬೆಳಗ್ಗೆ ಸಂಜೆ ಕೆರೆ ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದೆ. ಚೆಕಪ್ಪಿನ ದಿನ ತಿಂಡಿಗೆ ಅರ್ಧ ದೋಸೆ. ನಂಬರು ಸರಿಯಾಗಿ ಬರುತ್ತಿತ್ತು. ಡಾಕ್ಟರಮ್ಮ ಫೈಲಿನಲ್ಲಿ ಬರೆದುಕೊಂಡು, ಅಮ್ಮ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಮಗಳಿಗೆ ಹೇಳಿದರು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವಳಿಗೆ ತಲೆ ಸುತ್ತುತ್ತಿತ್ತು. ಬನ್ನು ಕೊಡಿಸುತ್ತಿದ್ದೆ. ಮನೆಗೆ ಬಂದ ಮೇಲೆ ಉಳಿದ ಹನ್ನೆರಡು ದಿನ ಕೇಳಿದ್ದೆಲ್ಲ ಮಾಡಿಕೊಟ್ಟೆ. ಎರಡು ದಿನ ಒಣಗಿಸಿದ್ದೇನಲ್ಲ ಎಂಬ ಮರುಕಕ್ಕೆ ಇನ್ನೊಂದು ಸೌಟು ಜಾಸ್ತಿಯೇ ಬಡಿಸಿದೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ನೆಂಟರು ಕ್ರೇಟಿನಲ್ಲಿ ಹಣ್ಣು ಕಳಿಸಿದರು. ಅದನ್ನೂ ತಿಂದಳು.

ಎಂಟನೇ ತಿಂಗಳಿನ ಸ್ಕ್ಯಾನಿನಲ್ಲಿ ಮಗು ತಿಂಗಳಿಗಿಂತ ದೊಡ್ಡದಿದೆ, ನೀರೂ ಹೆಚ್ಚಿದೆ ಎಂದು ಬಂತು. ಡಾಕ್ಟರಮ್ಮ ಫೈಲು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡಿದರು. ನಂಬರು ಇಷ್ಟು ಚೆನ್ನಾಗಿದೆ, ಮಗು ಹೀಗಿದೆ, ದಿನಾ ಒಂದೇ ಥರ ಊಟ ಮಾಡ್ತೀಯಾ ಎಂದು ಮಗಳನ್ನು ಕೇಳಿದರು. ಅವಳು ಬಾಯಿ ತೆಗೆಯುವ ಮೊದಲೇ ನಾನು ಹೌದು ಎಂದೆ.

ಅವರು ಬೇರೊಂದು ರಕ್ತ ಪರೀಕ್ಷೆ ಬರೆದರು. ಹಿಂದಿನ ಎರಡು ಮೂರು ತಿಂಗಳಲ್ಲಿ ಸಕ್ಕರೆ ಹೇಗಿತ್ತು ಎಂದು ಹೇಳುವ ಪರೀಕ್ಷೆಯಂತೆ. ಅದನ್ನು ಎರಡು ದಿನದ ಹುರುಳಿಕಟ್ಟಿನಿಂದ ಏನೂ ಮಾಡಲಾಗುವುದಿಲ್ಲ. ಜಾಸ್ತಿಯೇ ಬಂತು, ಅವತ್ತೇ ಸೂಜಿ ಶುರುವಾಯಿತು. ಹನ್ನೊಂದನೇ ದಿನ ಬೆಳಗ್ಗೆ ಮಗಳು ತಿಂಡಿ ತಟ್ಟೆ ಕೆಳಗಿಟ್ಟು, ಅಮ್ಮಾ, ಮಗು ಆಡ್ತಿಲ್ಲ ಎಂದಳು. ಆಟೋ ಮಾಡಿಕೊಂಡು ಕೋಲಾರಕ್ಕೆ ಹೋದೆವು. ಆಗಲೇ ಎಲ್ಲ ಮುಗಿದಿತ್ತು. ಗಂಡು ಮಗು.

ಒಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗುವುದಿಲ್ಲ, ಆದರೆ ಸಕ್ಕರೆ ಬಹಳ ದಿನ ಹೆಚ್ಚಿದ್ದರೆ ಹೀಗಾಗಬಹುದು ಎಂದು ಡಾಕ್ಟರಮ್ಮ ಅಳಿಯನಿಗೆ ಹೇಳುತ್ತಿದ್ದರು. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಅಳಿಯನ ತಲೆಗೆ ಅದು ಇಳಿಯಲಿಲ್ಲ. ಬೀಗಿತ್ತಿ ಸೂಜಿ ಎಂದಳು. ಮಗಳೂ ಸೂಜಿ ಎಂದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಒಂದು ದಿನ ಎರಡು ದಿನ ಅಲ್ಲ, ಮೂರು ವರ್ಷ.

ಮೂರನೇ ಬಸಿರು ನಿಂತಾಗ ಮಗಳು ಮೂರು ತಿಂಗಳಿಗೇ ನಮ್ಮ ಮನೆಗೆ ಬಂದಳು. ದೊಡ್ಡ ಮಗುವನ್ನು ಬೀಗಿತ್ತಿ ಇಟ್ಟುಕೊಂಡಳು. ಮೊದಲ ಭೇಟಿಯಲ್ಲೇ ಸಕ್ಕರೆ ಇತ್ತು, ಆ ವಿಷಯದಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಡಾಕ್ಟರಮ್ಮ ಈ ಸಲ ಮನೆಯಲ್ಲೇ ನೋಡುವ ಮಿಷನ್ ಕೊಡಿಸಿದರು. ಬೆರಳು ಚುಚ್ಚಿ, ಒಂದು ಸ್ಟ್ರಿಪ್ಪಿಗೆ ರಕ್ತ ತಾಗಿಸಿದರೆ ನಂಬರು ಬರುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚಿ ಪುಸ್ತಕದಲ್ಲಿ ಬರೆಯಬೇಕು, ಪುಸ್ತಕ ನೋಡಿ ನಾನು ಸೂಜಿಯ ಅಳತೆ ಹೇಳುತ್ತೇನೆ ಎಂದರು. ಐದನೇ ತಿಂಗಳಿಗೆ ಸೂಜಿ ಬರೆದರು. ಮಗಳು ತಲೆಯಾಡಿಸಿದಳು, ಎದುರು ಮಾತಾಡಲಿಲ್ಲ. ಒಪ್ಪಿಕೊಂಡಳು ಎಂದು ನಾನು ತಿಳಿದೆ.

ಈ ಸಲ ನಾನು ಎರಡು ದಿನದ ಆಟ ಆಡಲಿಲ್ಲ. ಪ್ರತಿ ದಿನವೂ ಒಂದೇ ಅಳತೆ. ಮುದ್ದೆ ಒಂದು ಹಿಡಿ, ಅದರ ಎರಡರಷ್ಟು ಸೊಪ್ಪು, ಕಾಳು. ಪುಸ್ತಕದಲ್ಲಿ ತೊಂಬತ್ತು, ನೂರ ಹದಿನಾಲ್ಕು, ನೂರ ಹನ್ನೆರಡು ಎಂದು ಸಾಲಾಗಿ ಇರುತ್ತಿತ್ತು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಓದುವುದು ನಿಧಾನ, ಅಂಕಿ ಮಾತ್ರ ಸರಾಗ. ದಿನಾ ಪುಸ್ತಕ ನೋಡಿ, ಪರವಾಗಿಲ್ಲ, ಈ ಸಲ ದಡ ಮುಟ್ಟುತ್ತೇವೆ ಎಂದುಕೊಳ್ಳುತ್ತಿದ್ದೆ.

ಏಳು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ, ಸ್ಟ್ರಿಪ್ಪು ಮುಗಿಯುವುದರೊಳಗೆ ಇನ್ನೊಂದು ಡಬ್ಬಿ ತರಿಸಬೇಕು ಎಂದು ಎಣಿಸಿದೆ. ಡಬ್ಬಿ ಒಡೆದು ಒಂಬತ್ತು ದಿನ. ಐವತ್ತರಲ್ಲಿ ಮೂವತ್ತಾರು ಖರ್ಚಾಗಿ ಹದಿನಾಲ್ಕು ಉಳಿದಿರಬೇಕು. ಇಪ್ಪತ್ತೊಂಬತ್ತು ಇದ್ದವು. ಮತ್ತೆ ಎಣಿಸಿದೆ. ಇಪ್ಪತ್ತೊಂಬತ್ತೇ. ಪುಸ್ತಕ ತೆಗೆದೆ. ಒಂಬತ್ತು ದಿನಕ್ಕೆ ಮೂವತ್ತಾರು ನಂಬರೂ ಬರೆದಿತ್ತು, ಒಂದೂ ಖಾಲಿ ಬಿಟ್ಟಿರಲಿಲ್ಲ.

ಮಗಳು ಪಡಸಾಲೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಡಬ್ಬಿಯನ್ನು ಅವಳ ಮೊರದೊಳಗೇ ಇಟ್ಟೆ.

“ಮೂವತ್ತಾರು ಸಲ ಚುಚ್ಚಿದೀನಿ ಅಂತ ಬರ್ದಿದೀಯ. ಇಪ್ಪತ್ತೊಂದೇ ಖರ್ಚಾಗಿರೋದು.”

“ನೀನ್ಯಾವಾಗಮ್ಮ ಆಡಿಟ್ ಆಫೀಸರ್ ಆಗಿದ್ದು?”

“ಹೇಳೇ. ಉಳಿದ ಹದಿನೈದು ನಂಬರು ಎಲ್ಲಿಂದ ಬಂತು?”

ಅವಳು ಇನ್ನೊಂದು ಕಾಯಿಯ ನಾರು ತೆಗೆದಳು. ಜಾಸ್ತಿ ಬರುತ್ತೆ ಎನ್ನಿಸಿದಾಗ ಚುಚ್ಚುವುದಿಲ್ಲ, ಹಿಂದಿನ ದಿನದ್ದನ್ನೇ ಒಂದೆರಡು ಆಚೀಚೆ ಮಾಡಿ ಬರೆಯುತ್ತೇನೆ ಎಂದಳು. ಚುಚ್ಚಿ ಜಾಸ್ತಿ ಬಂದರೂ ಕಡಿಮೆಯೇ ಬರೆಯುತ್ತಿದ್ದಳಂತೆ. ಸೂಜಿಯ ಕಥೆ ಏನು ಎಂದು ಕೇಳಿದೆ.

“ಹತ್ತು ಅಂದ್ರೆ ನಾಲ್ಕು ಹಾಕ್ಕೋತೀನಿ. ಕೆಲವು ದಿನ ಅದೂ ಇಲ್ಲ.”

“ಯಾಕೆ?”

“ಯಾಕೆ ಅಂತ ಬೇರೆ ಕೇಳ್ತೀಯಾ. ಆ ಸೂಜಿ ಹಾಕಿದ ಹನ್ನೊಂದನೇ ದಿನಕ್ಕೆ ನನ್ನ ಮಗು ಹೋಯ್ತು. ನೀನೂ ಅಲ್ಲೇ ಇದ್ದೆ.”

ಅವಳ ಹೊಟ್ಟೆಯಲ್ಲಿ ಏಳು ತಿಂಗಳಿನದು. ಹೋದದ್ದು ಎಂಟು ದಾಟಿದ ಮೇಲೆ. ನಡುವೆ ಇದ್ದದ್ದು ನಾಲ್ಕೈದು ವಾರ. ಸೂಜಿ ಹಾಕಿಕೋ ಎಂದು ನಾನು ಎಷ್ಟು ಗದರಿದರೂ ಅವಳು ನನ್ನ ಎದುರು ಹಾಕಿಕೊಂಡಂತೆ ಮಾಡಿ ಬಚ್ಚಲಿಗೆ ಬಿಡುವವಳೇ. ಹೇಳುವುದೊಂದೇ ಉಳಿದಿತ್ತು. ನಾನು ನಿಂತುಕೊಂಡೇ ಹೇಳಿದೆ, ಕೂತರೆ ನುಂಗಿಬಿಡುತ್ತೇನೆ ಎನ್ನಿಸಿತು.

“ಸೂಜಿಯಿಂದ ಅಲ್ಲ ಕಣೇ. ಸೂಜಿ ತಡವಾಗಿ ಬಂತು. ತಡ ಮಾಡಿಸಿದ್ದು ನಾನು.”

ಚೆಕಪ್ಪಿಗೆ ಮುಂಚಿನ ಎರಡು ದಿನದ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಹುರುಳಿಕಟ್ಟು, ಕೆರೆ ಕಟ್ಟೆ, ಅರ್ಧ ದೋಸೆ. ಆಮೇಲಿನ ಹನ್ನೆರಡು ದಿನ. ಡಾಕ್ಟರಮ್ಮ ಕೇಳಿದಾಗ ಅವಳ ಬಾಯಿಗೆ ಅಡ್ಡ ಬಂದು ಹೌದು ಎಂದದ್ದು. ಆಸ್ಪತ್ರೆಯಲ್ಲಿ ಅವರು ಅಳಿಯನಿಗೆ ಹೇಳಿದ್ದನ್ನು ಹಿಂದೆ ನಿಂತು ಕೇಳಿಸಿಕೊಂಡದ್ದು.

“ನೀನು ಪಥ್ಯ ಅಂದಿದ್ದೆ,” ಎಂದಳು.

“ಪಥ್ಯ ಆಗಿದ್ರೆ ದಿನಾ ಇರ್ತಿತ್ತು. ಎರಡು ದಿನ ಮಾಡಿದ್ದು ನಂಬರಿಗೆ.”

“ಅತ್ತೆ ಸೂಜಿ ಸೂಜಿ ಅಂತ ಬಡ್ಕೊಂಡಾಗ್ಲೂ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮೊರ ಪಕ್ಕಕ್ಕೆ ತಳ್ಳಿ, ಗೋಡೆ ಹಿಡಿದು ಎದ್ದು, ಒಳಗಿನಿಂದ ಮಿಷನ್ ತಂದಳು. ನನ್ನ ಎದುರೇ ಬೆರಳು ಚುಚ್ಚಿದಳು. ನೂರ ಎಂಬತ್ತೇಳು. ಮಿಷನ್ನನ್ನು ನನ್ನ ಕೈಯಲ್ಲಿ ಇಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮಾರನೆ ದಿನ ಮೊದಲ ಬಸ್ಸಿಗೇ ಕೋಲಾರಕ್ಕೆ ಹೋದೆವು. ಬಸ್ಸಿನಲ್ಲಿ ಅವಳು ಮುಂದಿನ ಸೀಟು, ನಾನು ಹಿಂದಿನದು. ಡಾಕ್ಟರಮ್ಮನ ಮುಂದೆ ನಾನೇ ಮೊದಲು ಬಾಯಿ ಬಿಟ್ಟೆ, ಹಳೆಯದು ಹೊಸದು ಎರಡನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆ ಮಿಷನ್ನಿನಲ್ಲಿ ಒಂದು ಗುಂಡಿ ಒತ್ತಿದರೆ ಹಿಂದೆ ಬಂದ ನಂಬರೆಲ್ಲ ಸಿಗುತ್ತದಂತೆ. ಒತ್ತಿ ಒಂದೊಂದೇ ನೋಡಿದರು. ನೂರ ಎಪ್ಪತ್ತು, ನೂರ ಅರವತ್ತೆರಡು, ನೂರ ತೊಂಬತ್ತು.

“ಪುಸ್ತಕ ನಂಬಿ ನಾನು ಮಿಷನ್ ನೋಡ್ಲಿಲ್ಲ. ಅದು ನನ್ನ ತಪ್ಪು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ಅಜ್ಜಿ, ಅವತ್ತು ಕೇಳಿದಾಗ್ಲೂ ನೀವು ನಿಜ ಹೇಳ್ಲಿಲ್ಲ. ನನಗೆ ಮೊದಲೇ ಗೊತ್ತಾಗಿದ್ರೆ ಎರಡು ತಿಂಗಳು ಮುಂಚೆ ಸೂಜಿ ಕೊಡ್ತಿದ್ದೆ.”

ಮಗು ಉಳಿಯುತ್ತಿತ್ತಾ ಎಂದು ಮಗಳು ಕೇಳಿದಳು. ಡಾಕ್ಟರಮ್ಮ, ಹೇಳಕ್ಕಾಗಲ್ಲಮ್ಮ ಎಂದರು. ಈಗ ಒಳಗಿರುವುದು ಕೂಡ ತಿಂಗಳಿಗಿಂತ ದೊಡ್ಡದಿದೆ, ಆದರೆ ಇನ್ನೂ ಟೈಮಿದೆ ಎಂದು ಸೂಜಿಯ ಅಳತೆ ಹೆಚ್ಚಿಸಿದರು. ವಾರವಾರ ಬರಬೇಕು, ಪುಸ್ತಕ ಬೇಡ, ಮಿಷನ್ನೇ ತರಬೇಕು, ಮಗು ಒದೆಯುವುದನ್ನು ದಿನಾ ಎಣಿಸಬೇಕು, ಕಡಿಮೆ ಅನ್ನಿಸಿದರೆ ಆ ಕ್ಷಣವೇ ಹೊರಡಬೇಕು.

ಆ ಏಳು ವಾರ ಮಗಳು ನನ್ನ ಜೊತೆ ಆಡಿದ ಮಾತೆಲ್ಲ ನಂಬರು. ಬಾಗಿಲಲ್ಲಿ ನಿಂತು ತೊಂಬತ್ತೆಂಟು ಎನ್ನುತ್ತಿದ್ದಳು, ನೂರ ಮೂವತ್ತು ಎನ್ನುತ್ತಿದ್ದಳು, ಹೋಗುತ್ತಿದ್ದಳು. ಜಾಸ್ತಿ ಬಂದ ದಿನ ತಟ್ಟೆ ತಂದು ನನ್ನ ಮುಂದೆ ಹಿಡಿದು, ಇದರಲ್ಲಿ ಯಾವುದು ತೆಗೀಲಿ ಎಂದು ಕೇಳುತ್ತಿದ್ದಳು. ಸೂಜಿಯನ್ನು ನನ್ನ ಎದುರೇ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆಯ ಚರ್ಮ ಹಿಡಿದು, ಕಣ್ಣು ಮುಚ್ಚಿ. ಹೆದರಿಕೆ ಹೋಗಿರಲಿಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಮಗ್ಗುಲಾಗಿ ಮಲಗಿ ಒದೆತ ಎಣಿಸುವಾಗ ನಾನು ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಂತಿರುತ್ತಿದ್ದೆ. ಹತ್ತು ಆಯಿತು ಎಂದರೆ ಒಲೆ ಹಚ್ಚುತ್ತಿದ್ದೆ.

ಬೀಗಿತ್ತಿ ಒಂದು ಭಾನುವಾರ ದೊಡ್ಡ ಮಗುವನ್ನು ಕರೆದುಕೊಂಡು ಬಂದಳು. ಫ್ರಿಜ್ಜಿನ ಬಾಗಿಲಲ್ಲಿ ಸೂಜಿಯ ಡಬ್ಬಿ ಕಂಡು ಅಲ್ಲೇ ಕೂತುಬಿಟ್ಟಳು. ಅವರ ಮನೆಯಲ್ಲಿ ತೆಲುಗು ಹೆಚ್ಚು. “ಮಳ್ಳೀ ಆ ಸೂದೇನಾ,” ಎಂದಳು, ಮತ್ತೆ ಅದೇ ಸೂಜಿಯಾ ಎಂದು. ಮಗಳು ನನ್ನ ಮುಖ ನೋಡಿದಳು. ಅವಳಾಗಿ ಹೇಳುವುದಿಲ್ಲ, ನಾನೇ ಹೇಳಬೇಕು ಎಂದು ಗೊತ್ತಾಯಿತು. ಹೇಳಿದೆ. ಬೀಗಿತ್ತಿ ಎಲ್ಲ ಕೇಳಿಸಿಕೊಂಡಳು.

“ಮೂರು ವರ್ಷ ನನ್ನ ಬಾಯಲ್ಲಿ ಸುಳ್ಳು ಆಡಿಸಿದೆಯಲ್ಲಕ್ಕಾ,” ಎಂದಳು. ನಾನು ಕೊಟ್ಟ ಕಾಫಿ ಮುಟ್ಟದೆ ಎದ್ದಳು. ಹೋಗುವಾಗ ಸೊಸೆಯ ತಲೆ ಸವರಿ, ಹಾಕ್ಕೋಮ್ಮ, ಡಾಕ್ಟರು ಹೇಳ್ದಷ್ಟು ಹಾಕ್ಕೋ ಎಂದು ಹೇಳಿ ಹೋದಳು. ಅದಕ್ಕೆ ನಾನು ಅವಳ ಋಣದಲ್ಲಿದ್ದೇನೆ.

ದಿನ ತುಂಬುವವರೆಗೆ ಕಾಯುವುದು ಬೇಡ ಎಂದು ಡಾಕ್ಟರಮ್ಮ ಎರಡು ವಾರ ಮುಂಚೆಯೇ ಆಪರೇಷನ್ ಮಾಡಿದರು. ಬೆಳಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಮಗು ಅತ್ತದ್ದು ಹೊರಗೆ ನನಗೆ ಕೇಳಿಸಿತು. ಹೆಣ್ಣು, ಮೂರು ಕೆಜಿ ಎಂಟುನೂರು ಗ್ರಾಂ. ತೂಕ ಕೇಳಿ ಈ ಸಲ ನನಗೆ ಸಂತೋಷವಾಗಲಿಲ್ಲ.

ಹುಟ್ಟಿದ ಒಂದು ಗಂಟೆಯ ಮೇಲೆ ನರ್ಸು ಮಗುವಿನ ಹಿಮ್ಮಡಿ ಚುಚ್ಚಿ ನೋಡಿದಳು. ತಾಯಿಯ ಸಕ್ಕರೆಗೆ ಒಗ್ಗಿದ ಮಗು, ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಅದರ ಸಕ್ಕರೆ ಕುಸಿಯುತ್ತದಂತೆ. ನಲವತ್ತೈದಕ್ಕಿಂತ ಕೆಳಗೆ ಬರಬಾರದು. ಮೂವತ್ತನಾಲ್ಕು ಬಂತು. ಹಾಲು ಕುಡಿಸಿ ಮತ್ತೆ ನೋಡಿದರು, ಮೂವತ್ತೊಂದು. ಮಗುವಿನ ಕೈ ಸಣ್ಣಗೆ ನಡುಗುತ್ತಿತ್ತು. ಮಕ್ಕಳ ರೂಮಿಗೆ ಎತ್ತಿಕೊಂಡು ಹೋಗಿ ಡ್ರಿಪ್ ಹಾಕಿದರು. ಅಳಿಯ ಔಷಧಿ ಚೀಟಿ ಹಿಡಿದು ಕೆಳಗೆ ಓಡಿದ.

ಮಗಳು ವಾರ್ಡಿನಲ್ಲಿ ಅಂಗಾತ ಮಲಗಿದ್ದಳು, ಸೊಂಟದ ಕೆಳಗೆ ಇನ್ನೂ ಜೋಮು. ನಾನು ಅವಳ ಹತ್ತಿರ ಹೋಗುವಾಗ ಪಕ್ಕದ ಹಾಸಿಗೆಯ ಬಾಣಂತಿಯ ತಾಯಿ ನನ್ನನ್ನು ತಡೆದು, ಹೊಟ್ಟೆ ಕುಯ್ದ ಹೆಂಗಸು, ಈಗ ಏನೂ ಹೇಳಬೇಡಿ, ಚೆನ್ನಾಗಿದೆ ಅನ್ನಿ ಸಾಕು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

“ಎಷ್ಟು ಬಂತು?” ಎಂದಳು ಮಗಳು.

“ಮೂವತ್ತೊಂದು. ಡ್ರಿಪ್ ಹಾಕಿದಾರೆ.”

ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಲು ಹೋದೆ, ಮುಖ ತಿರುಗಿಸಿಕೊಂಡಳು. ಪಕ್ಕದ ಹೆಂಗಸು ನನ್ನನ್ನು ನೋಡಿದ ನೋಟ ನೆನಪಿದೆ.

ಮಧ್ಯಾಹ್ನ ಒಂದೂವರೆಗೆ ನಲವತ್ತು. ಅದನ್ನೂ ಹೇಳಿದೆ. ಮೂರಕ್ಕೆ ನಲವತ್ತೊಂಬತ್ತು. ಬಂದು ಹೇಳಿದೆ.

“ನೀನು ಹೇಳಿದ್ರೆ ನಂಗೆ ಸಾಲ್ದು. ಬರೆದಿರೋದು ತೋರ್ಸು.”

ಮಕ್ಕಳ ರೂಮಿನ ನರ್ಸು ಮಾಲೂರು ಕಡೆಯ ಹುಡುಗಿ. ಚಾರ್ಟು ಹೊರಗೆ ಕೊಡುವ ಹಾಗಿಲ್ಲ ಅಜ್ಜಿ, ಇದೇನು ಪಹಣಿನಾ ಕೇಳಿದವರಿಗೆಲ್ಲ ಕೊಡೋಕೆ ಎಂದು ರೇಗಿದಳು. ನಾನು ಹೋಗಲಿಲ್ಲ, ಬಾಗಿಲಲ್ಲೇ ನಿಂತೆ. ತಾಯಿ ನೋಡಬೇಕಂತೆ, ನನ್ನ ಮಾತು ಅವಳು ನಂಬಲ್ಲ, ನಂಬದ ಹಾಗೆ ಮಾಡಿದವಳು ನಾನೇ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಾರ್ಟನ್ನು ತಾನೇ ಹಿಡಿದುಕೊಂಡು ವಾರ್ಡಿಗೆ ಬಂದಳು.

ಮಗಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೂವತ್ತನಾಲ್ಕು, ಮೂವತ್ತೊಂದು, ನಲವತ್ತು, ನಲವತ್ತೊಂಬತ್ತು. ಪಕ್ಕದಲ್ಲಿ ಬರೆದ ಟೈಮನ್ನೂ ಓದಿದಳು. ಇನ್ನು ಮೂರು ಸಲ ಸರಿಯಾಗಿ ನಿಂತರೆ ಡ್ರಿಪ್ ಇಳಿಸುತ್ತೇವೆ ಎಂದು ನರ್ಸು ಹೇಳಿದಳು. ಮುಂದಿನದು ಯಾವಾಗ ಎಂದು ಮಗಳು ಕೇಳಿದಳು. ಐದು ಗಂಟೆಗೆ ಎಂದಳು ನರ್ಸು.

“ಐದಕ್ಕೆ ನೀನೂ ಒಳಗೆ ನಿಂತು ನೋಡು,” ಎಂದಳು ಮಗಳು ನನಗೆ. “ಎಷ್ಟು ಬಂದ್ರೂ ಬಂದು ಹೇಳು. ಆಮೇಲೆ ಇವರು ಚಾರ್ಟ್ ತರ್ಲಿ.”

ಸರಿ ಎಂದೆ. ಗಡಿಯಾರದಲ್ಲಿ ಮೂರೂ ಕಾಲಾಗಿತ್ತು. ಮಕ್ಕಳ ರೂಮಿನ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ.